ಸಿಪಾಯಿಯ ಸಾಮಾನಿನ ಶುಲ್ಕ

ದೇಶರಕ್ಷಣೆಗಾಗಿ ಹೊರಟ ಸಿಪಾಯಿಯ ಟ್ರಂಕಿನ ತೂಕಕ್ಕೆ ಹಣ ತೆರಬೇಕಾದವರು ಯಾರು? ಸಿಪಾಯಿಯೇ, ವಿಮಾನ ಕಂಪನಿಯೇ, ಅಥವಾ ಅವನನ್ನು ಕಳುಹಿಸುವ ಸರಕಾರವೇ? ಪ್ರಶ್ನೆಯು ಚಿಕ್ಕದೆಂದು ತೋರಬಹುದು. ಆದರೆ ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಲ್ಲಿ ಮಗನನ್ನು ದಂಡಿಗೆ ಕಳುಹಿಸಿದ ಮನೆಗಳಿಗೆ ಇದು ಚಿಕ್ಕದಲ್ಲ. 1705ರಲ್ಲಿ ವಾಗಿನಗೇರಿಯಲ್ಲಿ ಔರಂಗಜೇಬನ ದಂಡನ್ನು ಎದುರಿಸಿದ, 1858ರಲ್ಲಿ ರಾಜಾ ವೆಂಕಟಪ್ಪನಾಯಕನ ಬೆನ್ನಿಗೆ ನಿಂತ ಈ ಸೀಮೆಗೆ ಸಿಪಾಯಿವೃತ್ತಿಯು ಹೊಸದಲ್ಲ. ಹೊಸದಾದದ್ದು ವಿಮಾನದ ತಕ್ಕಡಿ ಮಾತ್ರ.

ಶಹಾಪುರ ಸುರಪುರಗಳಿಗೆ ಇಂದಿಗೂ ರೈಲಿಲ್ಲ. ಅಲ್ಲಿಯ ಸಿಪಾಯಿಯು ಬಸ್ಸಿನಲ್ಲಿ ಯಾದಗಿರಿಗೆ ಬಂದು ರೈಲು ಹತ್ತುವದು ರೂಢಿ. ರೈಲಿನ ಸ್ಲೀಪರ್ ದರ್ಜೆಯಲ್ಲಿ ಒಬ್ಬನಿಗೆ 40 ಕಿಲೋಗ್ರಾಮಿನಷ್ಟು ಸಾಮಾನು ಉಚಿತ. ಟ್ರಂಕು, ಹಾಸಿಗೆಯ ಸುರುಳಿ, ಬೂಟು, ಉಣ್ಣೆಯ ಬಟ್ಟೆ, ಅವ್ವ ಕಟ್ಟಿಕೊಟ್ಟ ಸಜ್ಜಿರೊಟ್ಟಿ ಶೇಂಗಾಹಿಂಡಿಯ ಗಂಟು, ಎಲ್ಲವೂ ಅದರಲ್ಲಿ ಅಡಕವಾಗುವವು. ಆದರೆ ಕಾಶ್ಮೀರದ ಕಡೆಗೋ ಈಶಾನ್ಯದ ಗಡಿಗೋ ಬೇಗನೆ ಮುಟ್ಟಬೇಕಾದವನು ಹೈದರಾಬಾದಿಗೆ ಹೋಗಿ ವಿಮಾನ ಏರಬೇಕಾಗುತ್ತದೆ. ಒಳನಾಡಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯವನಿಗೆ ರೂಢಿಯಾಗಿ 15 ಕಿಲೋಗ್ರಾಮು, ಕೈಚೀಲಕ್ಕೆ 7 ಕಿಲೋಗ್ರಾಮು. ಮೇಲಿನದಕ್ಕೆಲ್ಲ ಕಿಲೋಗ್ರಾಮಿನ ಲೆಕ್ಕದಲ್ಲಿ ಹಣವನ್ನು ನಿಂತಲ್ಲಿಯೇ ಎಣಿಸಬೇಕು.

ಈ ಶುಲ್ಕಕ್ಕೆ ಕಡಿವಾಣ ಹಾಕಲು ಪ್ರಯತ್ನ ನಡೆಯಲಿಲ್ಲವೆಂದಲ್ಲ. 15ರ ಮೇಲೆ 20 ಕಿಲೋಗ್ರಾಮಿನ ತನಕ ಕಿಲೋಗ್ರಾಮಿಗೆ 100 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಕೂಡದೆಂದು 2016ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಅಪ್ಪಣೆ ಹೊರಡಿಸಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು; 2017ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಆ ಮಿತಿಯನ್ನು ರದ್ದುಪಡಿಸಿತು. ಕೆಲವು ಕಂಪನಿಗಳು ಸೈನಿಕರಿಗೆ ಟಿಕೇಟಿನಲ್ಲಿ ರಿಯಾಯಿತಿಯನ್ನು ಕೊಡುತ್ತಿರುವದುಂಟು. ಅದನ್ನು ನಾವು ಮೆಚ್ಚುತ್ತೇವೆ. ಆದರೆ ರಿಯಾಯಿತಿಯು ಕೊಡುವವನ ಮರ್ಜಿ, ಹಕ್ಕು ಹಾಗಲ್ಲ.

ಅಮೇರಿಕದ ಉದಾಹರಣೆಯನ್ನು ವಾಚಕರು ನೋಡಬೇಕು. 2011ರ ಜೂನಿನಲ್ಲಿ ಅಫಘಾನಿಸ್ತಾನದಿಂದ ಹಿಂತಿರುಗುತ್ತಿದ್ದ ಅಲ್ಲಿಯ ಸೈನಿಕರ ತುಕಡಿಯೊಂದಕ್ಕೆ ನಾಲ್ಕನೆಯ ಚೀಲದ ಬಾಬತ್ತು ಡೆಲ್ಟಾ ಕಂಪನಿಯು ತಲಾ 200 ಡಾಲರಿನಂತೆ ಒಟ್ಟು 2800 ಡಾಲರಿಗೂ ಮಿಕ್ಕಿ ವಸೂಲು ಮಾಡಿತು. ನಾಲ್ಕು ಚೀಲ ತರಲು ಸೈನ್ಯದ ಆಜ್ಞೆಯೇ ಅವರಿಗಿತ್ತು. ಇಬ್ಬರು ಸೈನಿಕರು ಆಡಿದ ಮಾತಿನ ಚಿತ್ರವು ಊರೂರಿಗೆ ಹಬ್ಬಿತು. ಕಂಪನಿಯು ಕ್ಷಮೆ ಬೇಡಿ, ಕೆಲವೇ ದಿನಗಳಲ್ಲಿ ನಿಯಮವನ್ನು ಬದಲಿಸಿತು. ತೆತ್ತ ಹಣವನ್ನು ಸೈನ್ಯದಿಂದ ಹಿಂದೆ ಪಡೆಯುವ ಮಾರ್ಗವು ಆ ಸೈನಿಕರಿಗೆ ಇದ್ದೇ ಇತ್ತು. ಆದರೂ ಜನರು ಸಿಟ್ಟಾದುದೇಕೆ? ಯುದ್ಧಭೂಮಿಯಿಂದ ಬಂದವನು ಮೊದಲು ತನ್ನ ಕಿಸೆ ಬಿಚ್ಚಬೇಕು, ಆಮೇಲೆ ದಫ್ತರಗಳ ಬಾಗಿಲು ಕಾಯಬೇಕು ಎಂಬುದೇ ಆ ಸಿಟ್ಟಿನ ಕಾರಣ.

ನಮ್ಮಲ್ಲಿಯೂ ರೋಗವು ಅದೇ. ತೆತ್ತು, ರಸೀದಿ ಕಾದಿಟ್ಟು, ಬಿಲ್ಲು ಬರೆದು, ಆಕ್ಷೇಪಣೆಗೆ ಉತ್ತರ ಕೊಟ್ಟು ಹಣ ಪಡೆಯುವ ಕಷ್ಟವನ್ನು ನಮ್ಮ ವಾಚಕರಲ್ಲಿಯ ಸರಕಾರಿ ನೌಕರರು ಬಲ್ಲರು. ಊರಿನ ಕಚೇರಿಯಲ್ಲಿ ಕುಳಿತವರಿಗೇ ಇಷ್ಟು ತೊಡಕಾದರೆ, ಹಿಮದ ಚೌಕಿಯಲ್ಲಿ ಇರುವವನ ಪಾಡೇನು? ಸರಕಾರಕ್ಕೆ ಈ ತತ್ತ್ವವು ತಿಳಿಯದ್ದಲ್ಲ. 2017ರ ಪ್ರವಾಸಭತ್ತೆಯ ಆಜ್ಞೆಯಲ್ಲಿ, ವರ್ಗವಾದ ತೀರ ಕೆಳ ದರ್ಜೆಯ ಕೇಂದ್ರ ನೌಕರನಿಗೂ 1500 ಕಿಲೋಗ್ರಾಮಿನ ತನಕ ಸಾಮಾನು ಸಾಗಿಸುವ ವೆಚ್ಚವು ಸಲ್ಲುತ್ತದೆ. ಆಜ್ಞೆಯ ಮೇರೆಗೆ ಹೊರಟವನ ಗಂಟು ಸರಕಾರದ ಭಾರವೆಂದು ಇಲ್ಲಿ ಒಪ್ಪಿದ ಹಾಗಾಯಿತು. ಪುಲ್ವಾಮಾದ ದುರಂತದ ತರುವಾಯ 2019ರ ಫೆಬ್ರುವರಿಯಲ್ಲಿ ಗೃಹ ಮಂತ್ರಾಲಯವು ದೆಹಲಿ-ಶ್ರೀನಗರ, ಜಮ್ಮು-ಶ್ರೀನಗರ ಮಾರ್ಗಗಳಲ್ಲಿ ಅರೆಸೈನಿಕ ದಳಗಳ ಸಾಮಾನ್ಯ ಜವಾನನಿಗೂ, ರಜೆಯ ಪ್ರಯಾಣವನ್ನೂ ಸೇರಿಸಿ, ವಿಮಾನದ ಹಕ್ಕನ್ನು ಕೊಟ್ಟಿತು. ಆಸನವನ್ನು ಕೊಟ್ಟವರು ಗಂಟನ್ನು ಮರೆಯುವದು ಯೋಗ್ಯವಲ್ಲ.

ಕಂಪನಿಗಳ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ತೂಕ ಹೆಚ್ಚಿದರೆ ಇಂಧನ ಹೆಚ್ಚು ಉರಿಯುತ್ತದೆ. ತಕ್ಕಡಿಯ ಮುಂದೆ ನಿಂತ ಗುಮಾಸ್ತನು ನಿಯಮವನ್ನು ಮಾಡಿದವನಲ್ಲ. 2025ರ ಜುಲೈಯಲ್ಲಿ ಶ್ರೀನಗರದ ನಿಲ್ದಾಣದಲ್ಲಿ ಹೆಚ್ಚಿನ ಸಾಮಾನಿನ ಶುಲ್ಕದ ತಕರಾರು ಒಬ್ಬ ಸೇನಾಧಿಕಾರಿಗೂ ಕಂಪನಿಯ ನೌಕರರಿಗೂ ಹೊಡೆದಾಟವಾಗಿ ಪೋಲೀಸರವರೆಗೆ ಹೋಯಿತು. ತಪ್ಪು ಯಾರದೇ ಇರಲಿ, ಸಮವಸ್ತ್ರಕ್ಕೆ ಕೈಯೆತ್ತುವ ಅಧಿಕಾರವಿಲ್ಲ. ಆದರೆ ನಿಯಮವು ಸ್ಪಷ್ಟವಾಗಿದ್ದಲ್ಲಿ ಜಗಳಕ್ಕೆ ಆಸ್ಪದವೇ ಇರುವದಿಲ್ಲ.

ಆದದ್ದರಿಂದ ನಮ್ಮ ಸೂಚನೆಗಳು ಮೂರು. ಕರ್ತವ್ಯದ ಮೇಲೆ ವಿಮಾನದಲ್ಲಿ ಹೋಗುವ ಸಿಪಾಯಿಯ ಪ್ರಯಾಣದ ಆಜ್ಞಾಪತ್ರದಲ್ಲಿಯೇ ಸಾಮಾನಿನ ತೂಕವನ್ನು ನಮೂದಿಸತಕ್ಕದ್ದು. ಎಲ್ಲ ಕಂಪನಿಗಳಿಗೂ ಅದೊಂದೇ ಪ್ರಮಾಣವಾಗಬೇಕು. ಅಧಿಕ ತೂಕದ ಹಣವನ್ನು ಕಂಪನಿಯು ಸಿಪಾಯಿಯಿಂದ ತೆಗೆದುಕೊಳ್ಳದೆ ನೇರವಾಗಿ ಸರಕಾರದಿಂದ ವಸೂಲು ಮಾಡಿಕೊಳ್ಳಲಿ. ರಜೆಯ ನಡುವೆ ಮರಳಿ ಕರೆಸಿಕೊಂಡವನ ಪ್ರಯಾಣವನ್ನು ಕರ್ತವ್ಯದ ಪ್ರಯಾಣವೆಂದೇ ಎಣಿಸಬೇಕು. 2025ರ ಮೇ ತಿಂಗಳಲ್ಲಿ ರಜೆಯ ಮೇಲಿದ್ದ ಅನೇಕ ಸೈನಿಕರಿಗೆ ಕರೆ ಬಂದಾಗ ಅವರು ತಕ್ಕಡಿಯನ್ನು ನೋಡಿ ಹೊರಡಲಿಲ್ಲ.

ಈ ಮೂರೂ ತಾಲೂಕುಗಳು ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದವು. ಅಲ್ಲಿಯ ಸದಸ್ಯರು ರಕ್ಷಣಾ ಮಂತ್ರಿಗಳಿಗೂ ವಿಮಾನಯಾನ ಮಂತ್ರಿಗಳಿಗೂ ಈ ವಿಷಯವಾಗಿ ಪ್ರಶ್ನೆ ಹಾಕಲಿ. ಊರಿನ ಪ್ರಮುಖರು ಸಿಪಾಯಿಗೆ ಸತ್ಕಾರ ಮಾಡುವದು ಒಳ್ಳೆಯದೇ. ಅವನ ಬಾಕಿ ಬಿಲ್ಲಿಗೆ ಒಂದು ಅರ್ಜಿ ಬರೆದುಕೊಡುವದು ಅದಕ್ಕಿಂತ ಒಳ್ಳೆಯದು. ಬಂದೂಕಿನ ಭಾರವನ್ನು ಅವನು ಸಂತೋಷದಿಂದ ಹೊರುತ್ತಾನೆ. ಬಿಲ್ಲಿನ ಭಾರವನ್ನು ಸರಕಾರವು ಹೊರಲಿ.