ಬೆನ್ನ ಹಿಂದಿನ ಕಾಡಿಗೆ ಮುಂಬಾಗಿಲಿನಿಂದಲೇ ಹೋಗೋಣ



ಭಾಂಡುಪ್‌ನ ಪಶ್ಚಿಮಕ್ಕೆ ಕಾಣುವ ಹಸಿರು ಗುಡ್ಡಗಳು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದವು. ಸುಮಾರು 103 ಚದರ ಕಿಲೋಮೀಟರ್ ಕಾಡು. ಅದರ ಮಡಿಲಲ್ಲಿ ಎರಡು ಕೆರೆಗಳು: 1860ರಲ್ಲಿ ಕಟ್ಟಿ ಮುಗಿಸಿದ ವಿಹಾರ್, 1879ರ ತುಳಸಿ. ನಗರಕ್ಕೆ ಕುಡಿಯುವ ನೀರು ಕೊಡುವ ಏಳು ಜಲಾಶಯಗಳಲ್ಲಿ ಮುಂಬಯಿಯೊಳಗೇ ಇರುವವು ಇವೆರಡೇ. ಆದರೂ ನಮ್ಮವರಲ್ಲಿ ಇಪ್ಪತ್ತು ವರ್ಷ ಇಲ್ಲಿದ್ದೂ ಆ ಕಾಡಿಗೆ ಒಂದು ದಿನವೂ ಕಾಲಿಡದವರು ಎಷ್ಟೋ ಮಂದಿ.

ಕೇಳಿದರೆ ಉತ್ತರ ಸಿದ್ಧವಿರುತ್ತದೆ: "ದಿನವಿಡೀ ನಿಂತೇ ಇರುತ್ತೇವೆ, ಮತ್ತೆ ನಡಿಗೆ ಯಾಕೆ?" ಹೋಟೆಲಿನ ಗಲ್ಲಾದಲ್ಲಿ, ಒಲೆಯ ಮುಂದೆ, ಅಂಗಡಿಯ ಕೌಂಟರಿನಲ್ಲಿ ದುಡಿಯುವವರ ದಣಿವು ಸುಳ್ಳಲ್ಲ. ಆದರೆ *ನಿಲ್ಲುವುದು ನಡಿಗೆಯಲ್ಲ.* ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಹೃದಯದ ಕಡೆಗೆ ಮೇಲೆತ್ತುತ್ತವೆ. ಒಂದೇ ಕಡೆ ನಿಂತರೆ ಆ ಕೆಲಸ ನಿಲ್ಲುತ್ತದೆ. ಕಾಲು ಊದುತ್ತದೆ, ನರ ಉಬ್ಬುತ್ತದೆ. ನಡೆಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನೂ ಎಳೆದುಕೊಂಡು ಉರಿಸುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಷ್ಟು ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ತಿಂಗಳಿಗೊಂದು ರಜೆಯನ್ನು ಮಾಲ್‌ಗೆ ಕೊಡುವ ಬದಲು ಈ ಕಾಡಿಗೆ ಕೊಡಿ. ಆದರೆ ಬಾಗಿಲಿನಿಂದ ಹೋಗಿ, ಗೋಡೆ ಹಾರಿ ಅಲ್ಲ.

ಮಳೆಗಾಲ ಬಂತೆಂದರೆ ನಮ್ಮ ಹುಡುಗರು ಭಾಂಡುಪ್, ಮುಲುಂಡ್ ಕಡೆಯ ಗುಡ್ಡ ಹತ್ತಿ ಕೆರೆ, ಝರಿ ಹುಡುಕಿ ಹೊರಡುತ್ತಾರೆ. ಹತ್ತಿರದ ದಾರಿ ನಿಜ. ಆದರೆ ಅದು ಚಿರತೆಯ ದಾರಿಯೂ ಹೌದು. ವಿಹಾರ್ ಕೆರೆಯಲ್ಲಿ ಮೊಸಳೆಗಳಿವೆ. ಅದು ನಗರ ಕುಡಿಯುವ ನೀರು, ಈಜುಕೊಳವಲ್ಲ. ಎರಡೂ ಕೆರೆಗಳ ದಡಕ್ಕೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಇದು ಅನ್ಯಾಯವೆಂದು ಗೊಣಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಊರಿನಲ್ಲಿ ಕುಡಿಯುವ ನೀರಿನ ಬಾವಿಗೆ ಯಾರಾದರೂ ಇಳಿದು ಕಾಲು ತೊಳೆದರೆ ನಾವು ಸುಮ್ಮನಿರುತ್ತೇವೆಯೇ?

ಸರಿಯಾದ ಬಾಗಿಲು ಬೊರಿವಲಿ ಪೂರ್ವದಲ್ಲಿದೆ. ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡ್ ದಾಟಿ ಹೋಗಬಹುದು, ಇಲ್ಲವೇ ದಾದರಿನಲ್ಲಿ ರೈಲು ಬದಲಿಸಬಹುದು. ದ್ವಾರದಿಂದ ಕನ್ಹೇರಿ ಗುಹೆಗಳಿಗೆ ಐದಾರು ಕಿಲೋಮೀಟರ್ ಡಾಂಬರು ರಸ್ತೆ, ಇಬ್ಬದಿಯಲ್ಲೂ ಮರ. ಬಂಡೆ ಕೊರೆದು ಮಾಡಿದ ನೂರಕ್ಕೂ ಹೆಚ್ಚು ಗುಹೆಗಳಲ್ಲಿ ಬೌದ್ಧ ಭಿಕ್ಷುಗಳು ಮಳೆನೀರು ಹಿಡಿಯಲು ತೊಟ್ಟಿಗಳನ್ನೂ ಕೊರೆದಿದ್ದರು. ನೀರಿನ ಬೆಲೆ ಏನೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೇ? ಒಳಗಾಡಿನ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು ಮಾರ್ಗದರ್ಶಕರ ಜೊತೆಗೇ ಹೋಗಿ. ಸೋಮವಾರ ಉದ್ಯಾನ ಮುಚ್ಚಿರುತ್ತದೆ.

*ಹೊರಡುವ ಮುನ್ನ ನೆನಪಿಡಿ:*

1. ಮೊದಲ ದಿನವೇ ಹನ್ನೆರಡು ಕಿಲೋಮೀಟರ್ ಬೇಡ. ಹಿಂದಿನ ಮೂರು ವಾರ ಪ್ರತಿದಿನ ಅರ್ಧ ಗಂಟೆ ನಡೆದು ಅಭ್ಯಾಸ ಮಾಡಿ. ಹೋಗುವಾಗ ನಡೆದು, ಬರುವಾಗ ಬಸ್ ಹಿಡಿದರೂ ಅವಮಾನವಿಲ್ಲ.

2. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ನಡುಕ, ಬೆವರು, ತಲೆಸುತ್ತು ಬಂದರೆ ಕೂತು ತಕ್ಷಣ ತಿನ್ನಿ.

3. ಎದೆ ಹಿಡಿದಂತಾದರೆ, ದಮ್ಮು ಕಟ್ಟಿದರೆ ಅಲ್ಲೇ ನಿಲ್ಲಿ. "ಗ್ಯಾಸ್ ಇರಬೇಕು" ಎನ್ನಬೇಡಿ. ತಡಮಾಡದೆ ಸಹಾಯ ಕೇಳಿ, ಆಸ್ಪತ್ರೆಗೆ ಹೋಗಿ.

4. ಮಳೆಗಾಲದಲ್ಲಿ ಗಾಯವಿರುವ ಕಾಲನ್ನು ನಿಂತ ನೀರಿಗೆ ಇಳಿಸಬೇಡಿ. ಇಲಿ ಜ್ವರ ಬರುವುದು ಹಾಗೆಯೇ. ಆಮೇಲೆ ಜ್ವರ ಬಂದರೆ ನೀರಿನಲ್ಲಿ ಓಡಾಡಿದ್ದನ್ನು ಡಾಕ್ಟರಿಗೆ ಹೇಳಿ.

5. ಕೋತಿಗೆ ತಿಂಡಿ ಕೊಡಬೇಡಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ರೇಬೀಸ್ ಲಸಿಕೆಗೆ ಹೋಗಿ.

6. ಮಕ್ಕಳು ದೊಡ್ಡವರ ನಡುವೆ ನಡೆಯಲಿ. ಸಂಜೆಗತ್ತಲಿಗೆ ಮೊದಲೇ ಹೊರಗೆ ಬನ್ನಿ.

ಇನ್ನೊಂದು ಮಾತು, ಗಂಡಸರಿಗೆ. ಮನೆಯಾಕೆ ನಸುಕಿನ ನಾಲ್ಕಕ್ಕೆ ಎದ್ದು ಎಂಟು ಜನರ ಬುತ್ತಿ ಕಟ್ಟಬೇಕಾದರೆ ಅದು ಅವಳಿಗೆ ರಜೆಯಲ್ಲ, ಇನ್ನೊಂದು ಪಾಳಿ. ಅವಲಕ್ಕಿ, ಬಾಳೆಹಣ್ಣು, ಮಜ್ಜಿಗೆ ಸಾಕು. ಅದನ್ನು ನೀವೇ ಕಟ್ಟಿ, ಚೀಲ ನೀವೇ ಹೊರಿ. ಮೊಣಕಾಲು ನೋವು, ರಕ್ತದೊತ್ತಡ ಅವಳಿಗೂ ಇದೆ. ಆ ಕಾಡಿನ ಗಾಳಿ ಅವಳಿಗೂ ಸೇರಿದ್ದು.

ಊರಿನಲ್ಲಿ ನಮ್ಮ ಹಿರಿಯರು ಗುಡ್ಡ ಹತ್ತಿಳಿದೇ ಶಾಲೆ, ಸಂತೆ, ಜಾತ್ರೆ ಮುಗಿಸಿದವರು. ನಡಿಗೆ ನಮಗೆ ಯಾರೂ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಮಕ್ಕಳಿಗೆ ಅದನ್ನು ದಾಟಿಸದೆ ಹೋದರೆ ನಷ್ಟ ಅವರಿಗೆ.

ನಿಮ್ಮ ಕಟ್ಟಡದ, ಸಂಘದ, ಹೋಟೆಲಿನ ಗುಂಪಿನಲ್ಲಿ ಇದನ್ನು ಹಂಚಿ. ಜೊತೆಗೇ ಒಂದು ತಾರೀಕನ್ನೂ ಗೊತ್ತುಮಾಡಿ.