ಟೈರ್ ಕೊಳ್ಳುವಾಗ ಸೈಜ್ ನೋಡಿದರೆ ಸಾಲದು, ಎಷ್ಟು ಹೊರುತ್ತದೆ ಎಂದು ಕೇಳಿ

ಪಿಕಪ್ ಗಾಡಿಯ ಹಿಂದಿನ ಟೈರ್ ಸವೆದಾಗ ನಮ್ಮೂರುಗಳಲ್ಲಿ ನಡೆಯುವ ವ್ಯಾಪಾರ ಹೀಗಿರುತ್ತದೆ. ಅಂಗಡಿಯವರು ಹಳೇ ಟೈರಿನ ಸೈಜ್ ನೋಡುತ್ತಾರೆ. ಅದೇ ಸೈಜಿನ ಎರಡು ಮೂರು ಕಂಪನಿಯ ಟೈರ್ ಮುಂದಿಡುತ್ತಾರೆ. "ಇದು ಕಮ್ಮಿ ರೇಟು ಅಣ್ಣ, ಸೈಜು ಅದೇ, ಯೋಚನೆ ಮಾಡದೆ ಹಾಕ್ಕೊಳ್ಳಿ" ಅನ್ನುತ್ತಾರೆ. ಗಾಡಿಯವರು ಇನ್ನೊಂದು ಐನೂರು ಚೌಕಾಸಿ ಮಾಡಿ ಹಾಕಿಸಿಕೊಂಡು ಹೋಗುತ್ತಾರೆ. ಇಷ್ಟೆಲ್ಲ ಮಾತಿನಲ್ಲಿ ಒಂದು ಪ್ರಶ್ನೆ ಬರುವುದೇ ಇಲ್ಲ: ಈ ಟೈರ್ ಎಷ್ಟು ಕೆ.ಜಿ. ಹೊರುತ್ತದೆ?

ಲೋಡ್ ಗಾಡಿಗೆ ಮೊದಲ ಪ್ರಶ್ನೆ ಅದೇ ಆಗಬೇಕು. ಅದನ್ನು ಗಾಡಿಯವರು ಮಾತ್ರವಲ್ಲ, ಆ ಗಾಡಿಗೆ ಮಾಲು ತುಂಬಿಸುವ ನಾವೂ ಕೇಳಬೇಕು ಅನ್ನುವುದು ಈ ಲೇಖನದ ವಾದ.

ಉತ್ತರ ಟೈರಿನ ಪಕ್ಕೆಯ ಮೇಲೇ ಅಚ್ಚಾಗಿರುತ್ತದೆ. ಸೈಜ್ ಬರೆದಿರುವ ಸಾಲಿನಲ್ಲಿ, ಸೈಜ್ ಮುಗಿದ ಮೇಲೆ ಒಂದು ಅಂಕಿ ಮತ್ತು ಒಂದು ಅಕ್ಷರ ಇರುತ್ತದೆ. ಆ ಅಂಕಿಗೆ ಲೋಡ್ ಇಂಡೆಕ್ಸ್ ಎನ್ನುತ್ತಾರೆ. ಅದು ಕೆ.ಜಿ. ಅಲ್ಲ, ಕೆ.ಜಿ.ಯ ಗುರುತು. 100 ಎಂದಿದ್ದರೆ ಒಂದು ಟೈರ್ 800 ಕೆ.ಜಿ. ಹೊರಬಲ್ಲದು. 106 ಎಂದರೆ 950, 108 ಎಂದರೆ 1000, 112 ಎಂದರೆ 1120, 118 ಎಂದರೆ 1320 ಕೆ.ಜಿ. ಕೆಲವು ಟೈರಿನಲ್ಲಿ 112/110 ಎಂದು ಎರಡು ಅಂಕಿ ಇರುತ್ತವೆ. ಮೊದಲನೆಯದು ಒಂದೊಂದೇ ಚಕ್ರ ಇರುವ ಗಾಡಿಗೆ, ಎರಡನೆಯದು ಜೋಡಿ ಚಕ್ರದ ಗಾಡಿಗೆ. ನಮ್ಮ ಪಿಕಪ್‌ಗಳಿಗೆ ಮೊದಲನೆಯದೇ ಲೆಕ್ಕ.

ಒಂದೇ ಸೈಜಿನಲ್ಲಿ ಬೇರೆ ಬೇರೆ ತೂಕ ಹೊರುವ ಟೈರ್‌ಗಳಿವೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 215/75 ಆರ್ 15 ಸೈಜನ್ನೇ ತೆಗೆದುಕೊಳ್ಳಿ. ಅದರಲ್ಲಿ ಜನ ಓಡಾಡುವ ಜೀಪಿಗೆಂದು ಮಾಡಿದ 100ರ ಟೈರೂ ಸಿಗುತ್ತದೆ, ಲೋಡ್ ಗಾಡಿಗೆಂದು ಮಾಡಿದ 106ರ ಟೈರೂ ಸಿಗುತ್ತದೆ. ಎರಡೂ ಅದೇ ಡಿಸ್ಕಿಗೆ ಕೂರುತ್ತವೆ, ನೋಡಲೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಂದು ಟೈರಿಗೆ 150 ಕೆ.ಜಿ., ಹಿಂದಿನ ಜೋಡಿಗೆ 300 ಕೆ.ಜಿ. ವ್ಯತ್ಯಾಸ. ಲೋಡ್ ಟೈರನ್ನು ಗುರುತಿಸಲು 'ಎಲ್‌ಟಿ' ಎಂಬ ಅಕ್ಷರ ನೋಡಿ, 8 ಪಿಆರ್ ಅಥವಾ ಅದಕ್ಕಿಂತ ಹೆಚ್ಚಿನ ಪ್ಲೈ ರೇಟಿಂಗ್ ನೋಡಿ. ಐಎಸ್‌ಐ ಗುರುತಿನ ಹತ್ತಿರ ಇರುವ ಅಂಕಿಯೂ ಹೇಳುತ್ತದೆ: 15633 ಎಂದರೆ ಕಾರಿನ ಟೈರಿನ ಮಾನದಂಡ, 15636 ಎಂದರೆ ಸರಕು ಮತ್ತು ಬಾಡಿಗೆ ವಾಹನಗಳ ಟೈರಿನ ಮಾನದಂಡ.

ಇನ್ನು ನಮ್ಮ ಗಾಡಿಗೆ ಎಷ್ಟು ಬೇಕು? ಟೊಮೆಟೊ ಲೆಕ್ಕದಲ್ಲೇ ನೋಡೋಣ. ಕೋಲಾರ ಮಾರುಕಟ್ಟೆಯಲ್ಲಿ ಒಂದು ಬಾಕ್ಸ್ ಎಂದರೆ 15 ಕೆ.ಜಿ. ನೂರು ಬಾಕ್ಸ್ ಹಾಕಿದರೆ ಹಣ್ಣೇ 1500 ಕೆ.ಜಿ., ಕ್ರೇಟಿನ ತೂಕ ಬೇರೆ. ಈ ಮಾಲು ನಾಲ್ಕು ಚಕ್ರಕ್ಕೂ ಸಮ ಹಂಚಿಕೆಯಾಗುವುದಿಲ್ಲ. ಪಿಕಪ್ಪಿನ ತೊಟ್ಟಿ ಹಿಂದಿನ ಆಕ್ಸಲ್ ಮೇಲೆ ಕೂತಿರುವುದರಿಂದ ಮಾಲಿನ ಬಹುಪಾಲು ಭಾರ ಹಿಂದಿನ ಎರಡು ಟೈರಿಗೇ ಬೀಳುತ್ತದೆ. ಗಾಡಿ, ಮಾಲು, ಜನ ಎಲ್ಲ ಸೇರಿ 3000 ಕೆ.ಜಿ. ಇದೆ, ಅದರಲ್ಲಿ ಹಿಂದಿನ ಆಕ್ಸಲ್ ಮೇಲೆ 2000 ಬಿದ್ದಿದೆ ಎಂದುಕೊಳ್ಳಿ. ಒಂದೊಂದು ಟೈರಿಗೆ 1000 ಕೆ.ಜಿ. ಅಲ್ಲಿಗೆ 108 ಕನಿಷ್ಠ. 100ರ ಟೈರ್ ಹಾಕಿದ್ದರೆ ಗಾಡಿ ಹೊರಡುವ ಮೊದಲೇ ಒಂದೊಂದರ ಮೇಲೆ 200 ಕೆ.ಜಿ. ಹೆಚ್ಚಾಗಿದೆ. "ಇನ್ನೊಂದು ಇಪ್ಪತ್ತು ಬಾಕ್ಸ್ ಹಾಕ್ಬಿಡಿ" ಎಂದರೆ ಮತ್ತೆ 300 ಕೆ.ಜಿ.

ಇದನ್ನು ಊಹೆಯಲ್ಲಿ ಬಿಡಬೇಕಾಗಿಲ್ಲ. ಮಾಲು ತುಂಬಿದ ಗಾಡಿಯ ಹಿಂದಿನ ಎರಡು ಚಕ್ರ ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲುವಂತೆ ಮಾಡಿ ಒಂದು ಸಲ ತೂಗಿಸಿ. ಬಂದ ತೂಕವನ್ನು ಎರಡರಿಂದ ಭಾಗಿಸಿ. ಟೈರ್ ಅದಕ್ಕಿಂತ ಹೆಚ್ಚು ಹೊರುವಂಥದ್ದಾಗಿರಲಿ, ಕಂಪನಿ ಗಾಡಿಯ ಜೊತೆ ಕೊಟ್ಟ ಟೈರಿನ ಅಂಕಿಗಿಂತ ಎಂದೂ ಕಮ್ಮಿ ಬೇಡ.

ಭಾರ ಮೀರಿದರೆ ಆಗುವುದೇನು? ಚಕ್ರ ಒಂದು ಸುತ್ತು ಸುತ್ತಿದಾಗಲೆಲ್ಲ ಟೈರಿನ ಪಕ್ಕೆ ಒಮ್ಮೆ ಬಾಗಿ ಒಮ್ಮೆ ನೆಟ್ಟಗಾಗುತ್ತದೆ. ಭಾರ ಹೆಚ್ಚಿದ್ದರೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಗಾಳಿ ಕಮ್ಮಿಯಿದ್ದರೆ ಇನ್ನೂ ಕಾಯುತ್ತದೆ. ಒಳಗಿನ ತಂತಿ ಪದರ ಮತ್ತು ರಬ್ಬರ್ ಒಂದನ್ನೊಂದು ಬಿಡಲು ಶುರುವಾಗುತ್ತವೆ. ಹೊರಗೆ ಗುಂಡಿಗಳು ಚೆನ್ನಾಗಿಯೇ ಕಾಣುತ್ತಿರುತ್ತವೆ. ಒಂದು ಮಧ್ಯಾಹ್ನ, ಏಪ್ರಿಲ್ ಬಿಸಿಲಲ್ಲಿ, ಹೈವೇ ವೇಗದಲ್ಲಿ ಅದು ಸಿಡಿಯುತ್ತದೆ. ಎತ್ತರಕ್ಕೆ ಕ್ರೇಟ್ ಜೋಡಿಸಿದ ಗಾಡಿಯ ಹಿಂದಿನ ಟೈರ್ ಸಿಡಿದರೆ ಅದನ್ನು ಹಿಡಿದು ನಿಲ್ಲಿಸುವುದು ಎಂಥ ಡ್ರೈವರಿಗೂ ಕಷ್ಟ. ನಮ್ಮ ಕಡೆ ಆ ಕ್ರೇಟುಗಳ ಮೇಲೆ ಕೂಲಿಯವರೂ ಕೂತಿರುತ್ತಾರೆ ಎಂಬುದನ್ನು ಮರೆಯಬೇಡಿ.

ಡಿಸ್ಕಿನ ವಿಷಯಕ್ಕೆ ಬರೋಣ. ಈಚೆಗೆ ಪಿಕಪ್‌ಗೂ ಅಲಾಯ್ ಚಕ್ರ, ಹೊರಗೆ ಚಾಚಿದ ಅಗಲ ಡಿಸ್ಕ್ ಹಾಕಿಸುವ ಶೋಕಿ ಬಂದಿದೆ. ದುಡಿಯುವ ಗಾಡಿಗೆ ಕಂಪನಿಯ ಕಬ್ಬಿಣದ ಡಿಸ್ಕೇ ಸರಿ. ಗುಂಡಿಗೆ ಬಿದ್ದಾಗ ಕಬ್ಬಿಣ ಬಾಗುತ್ತದೆ, ಅಲಾಯ್ ಬಿರುಕು ಬಿಡಬಹುದು. ಡಿಸ್ಕಿಗೂ ಹೊರುವ ಮಿತಿ ಇದೆ. ಕಾರಿನ ಅಲಾಯ್ ಬೋಲ್ಟ್ ತೂತಿಗೆ ಸರಿಹೋಯಿತು ಎಂದ ಮಾತ್ರಕ್ಕೆ ಲೋಡ್ ತಡೆಯುತ್ತದೆ ಎಂದಲ್ಲ. ಚಕ್ರ ಹೊರಗೆ ಚಾಚಿದಷ್ಟೂ ಬೇರಿಂಗ್ ಮೇಲೆ ಭಾರ ಹೆಚ್ಚು. ಬಿರುಕು ಬಿಟ್ಟ ಡಿಸ್ಕಿಗೆ ವೆಲ್ಡಿಂಗ್ ಹೊಡೆಸಿ ಓಡಿಸಬೇಡಿ. ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತು ನೂರು ಕಿ.ಮೀ. ಓಡಿಸಿ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.

ಹಳೇ ಟೈರ್ ಕೊಳ್ಳುವವರು ತಯಾರಾದ ದಿನಾಂಕ ನೋಡಿ. ಪಕ್ಕೆಯ ಮೇಲೆ ನಾಲ್ಕಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ರಬ್ಬರ್ ಓಡದೆ ಕೂತರೂ ಮುದಿಯಾಗುತ್ತದೆ. ಐದಾರು ವರ್ಷ ದಾಟಿದ್ದನ್ನು ಲೋಡ್ ಗಾಡಿಗೆ ಬೇಡ ಅನ್ನಿ. ಪಕ್ಕೆ ಉಬ್ಬಿದ್ದು, ಸೀಳಿದ್ದು ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ರಿಸೋಲ್ ಟೈರನ್ನು ಮುಂದಿನ ಚಕ್ರಕ್ಕೆ ಹಾಕಲೇಬೇಡಿ. ಒಂದೇ ಆಕ್ಸಲ್ಲಿಗೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಹಾಕಬೇಡಿ. ಗುಂಡಿಯ ಆಳ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರವೇ ಆ ಟೈರಿನ ಆಯಸ್ಸು ಮುಗಿದಂತೆ. ಗುಂಡಿಗಳ ಸಾಲಿನ ನಡುವೆ ಇರುವ ಸಣ್ಣ ಉಬ್ಬುಗಳ ಮಟ್ಟಕ್ಕೆ ರಬ್ಬರ್ ಸವೆದಾಗ ಅದು ಗೊತ್ತಾಗುತ್ತದೆ. ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ, ಕಂಪನಿ ಲೋಡಿಗೆ ಹೇಳಿದಷ್ಟು ಹಿಡಿಸಿ.

"ಇದೆಲ್ಲ ಸರಿ, ಆದರೆ ಬಾಡಿಗೆಯಲ್ಲಿ ಗಿಟ್ಟಬೇಕಲ್ಲ" ಎಂದು ಗಾಡಿಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಡೀಸೆಲ್, ಕಂತು, ಇನ್ಶೂರೆನ್ಸ್ ಎಲ್ಲ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದರಲ್ಲೇ ಟೈರೂ ಬರಬೇಕು. ಎಷ್ಟು ಬಾಕ್ಸ್ ಹೋಗಬೇಕು ಎಂದು ಹೇಳುವವರು ಮಾಲಿನವರು, ಟೈರ್ ಕೊಳ್ಳುವವರು ಗಾಡಿಯವರು, ಸಿಡಿದರೆ ಸಾಯುವವರು ಡ್ರೈವರ್ ಮತ್ತು ಕೂಲಿಯವರು. ಅಗ್ಗದ ಟೈರ್ ಹುಟ್ಟುವುದು ಇಲ್ಲೇ. ಆದ್ದರಿಂದ ತಪ್ಪನ್ನೆಲ್ಲ ಗಾಡಿಯವರ ತಲೆಗೆ ಕಟ್ಟುವುದು ಸರಿಯಲ್ಲ.

ಕಾನೂನೂ ಹಾಗೆ ಕಟ್ಟುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಂನಲ್ಲಿ ಹೆಚ್ಚು ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಇನ್ನೂ 2,000, ಜೊತೆಗೆ ಹೆಚ್ಚುವರಿ ಮಾಲು ಇಳಿಸುವ ಖರ್ಚು ಎಂದಿದೆ. ಓಡಿಸಿದವರಷ್ಟೇ ಅಲ್ಲ, ಹಾಗೆ ಓಡಿಸಲು ಕಾರಣರಾದವರೂ ಬಿಟ್ಟವರೂ ಅದರ ವ್ಯಾಪ್ತಿಗೆ ಬರುತ್ತಾರೆ.

ಇನ್ನೊಂದು ಮಾತು ಸ್ಪಷ್ಟವಾಗಿರಲಿ. ಗಟ್ಟಿ ಟೈರ್ ಹಾಕಿಸಿ, ಕಮಾನಿಗೆ ಒಂದು ಪಟ್ಟಿ ಜಾಸ್ತಿ ಸೇರಿಸಿದರೆ ಗಾಡಿಯ ಶಕ್ತಿ ಹೆಚ್ಚುವುದಿಲ್ಲ. ಬ್ರೇಕ್ ಅದೇ, ಆಕ್ಸಲ್ ಅದೇ, ಆರ್‌ಸಿಯಲ್ಲಿರುವ ಒಟ್ಟು ತೂಕವೂ ಅದೇ. 112ರ ಟೈರ್ ಇರುವುದು ಆರ್‌ಸಿಯ ತೂಕವನ್ನು ನೆಮ್ಮದಿಯಾಗಿ ಹೊರಲು, ಅದನ್ನು ಮೀರಲು ಅಲ್ಲ.

ಮುಂದಿನ ಸಲ ಬಾಡಿಗೆ ಮಾತಾಡುವಾಗ "ಎಷ್ಟಕ್ಕೆ ಬರ್ತೀಯಪ್ಪ?" ಎಂದು ಕೇಳುವುದರ ಜೊತೆಗೆ "ಎಷ್ಟು ಬಾಕ್ಸ್ ಹಾಕಬಹುದು?" ಎಂದೂ ಕೇಳಿ. ಅವರು ಎಂಬತ್ತು ಅಂದರೆ ಎಂಬತ್ತೇ ಹಾಕಿ. ಉಳಿದ ಇಪ್ಪತ್ತನ್ನು ಪಕ್ಕದ ತೋಟದವರ ಮಾಲಿನ ಜೊತೆ ಇನ್ನೊಂದು ಗಾಡಿಗೆ ಸೇರಿಸಿ. ಹಾಗೆ ಹೇಳುವ ಗಾಡಿಯವರಿಗೆ ನೂರಿನ್ನೂರು ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ಅವರು ಒಳ್ಳೆ ಟೈರ್ ಹಾಕಿಸುವುದು ಆ ದುಡ್ಡಿನಲ್ಲೇ.