ಲಂಕೆಯನ್ನು ಕೆಡವಿದ್ದು ಬಡವರ ಪಡಿತರವಲ್ಲ

ಕರ್ನಾಟಕದಲ್ಲಿ ಗ್ಯಾರಂಟಿ ಯೋಜನೆಗಳ ಚರ್ಚೆ ಎದ್ದಾಗಲೆಲ್ಲ ಶ್ರೀಲಂಕಾದ ಹೆಸರು ಬಂದೇ ಬರುತ್ತದೆ. ಹೀಗೆ ಹಂಚುತ್ತಾ ಹೋದರೆ ನಮ್ಮದೂ ಲಂಕೆಯ ಗತಿಯೇ ಎಂಬ ಮಾತು ಟಿ.ವಿ. ಚಾನೆಲ್ಲುಗಳಿಂದ ಹಿಡಿದು ಊರಿನ ಹೋಟೆಲುಗಳವರೆಗೆ ಕೇಳಿಸುತ್ತದೆ. 2022ರ ಜುಲೈನಲ್ಲಿ ದೆಹಲಿಯ ಸರ್ವಪಕ್ಷ ಸಭೆಯ ನಂತರ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರೂ ಲಂಕೆಯಿಂದ ಕಲಿಯಬೇಕಾದ ಪಾಠಗಳ ನಡುವೆ ಉಚಿತ ಕೊಡುಗೆಗಳ ಸಂಸ್ಕೃತಿ ಇರಬಾರದೆಂಬುದನ್ನು ಸೇರಿಸಿದ್ದರು. ಈ ಓದು ತಪ್ಪು. ಅದರಲ್ಲಿ ಒಂದು ಅನ್ಯಾಯವೂ ಇದೆ: ಮನೆಗೆ ಬೆಂಕಿ ಹಚ್ಚಿದವರನ್ನು ಬಿಟ್ಟು, ಒಳಗೆ ಸಿಕ್ಕಿಬಿದ್ದು ಸುಟ್ಟುಕೊಂಡವರ ಮೇಲೆ ಅದು ದೋಷ ಹೊರಿಸುತ್ತದೆ.

ಶ್ರೀಲಂಕಾದಲ್ಲಿ ಉಚಿತ ಶಿಕ್ಷಣ 1940ರ ದಶಕದಿಂದಲೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆಯೂ ದಶಕಗಳಿಂದ ಇದೆ. ಇವೆರಡನ್ನೂ ಬಿಡದೆ ನಡೆಸಿಕೊಂಡು, ನಡುವೆ ಇಪ್ಪತ್ತಾರು ವರ್ಷದ ಅಂತರ್ಯುದ್ಧವನ್ನೂ ತಾಳಿಕೊಂಡ ದೇಶ, ವಿದೇಶಿ ಸಾಲದ ಕಂತು ಕಟ್ಟದೆ ಕೈಚೆಲ್ಲಿದ್ದು ಸ್ವಾತಂತ್ರ್ಯಾನಂತರ ಒಮ್ಮೆ ಮಾತ್ರ, 2022ರ ಏಪ್ರಿಲ್ 12ರಂದು.

ಅದಕ್ಕೆ ಮೊದಲು ನಡೆದದ್ದೇನು? 2019ರ ನವೆಂಬರ್‌ನಲ್ಲಿ ಗೋಟಬಯ ರಾಜಪಕ್ಸ ಅಧ್ಯಕ್ಷರಾದರು. ಎರಡು ವಾರ ತುಂಬುವುದರೊಳಗೆ ಭಾರಿ ತೆರಿಗೆ ಕಡಿತದ ನಿರ್ಧಾರ ಹೊರಬಿತ್ತು. ಶೇ 15ರಷ್ಟಿದ್ದ ವ್ಯಾಟ್ ಶೇ 8ಕ್ಕೆ ಇಳಿಯಿತು. ವರ್ಷಕ್ಕೆ 1.2 ಕೋಟಿ ಲಂಕಾ ರೂಪಾಯಿ ವಹಿವಾಟಿದ್ದವರು ವ್ಯಾಟ್ ಕಟ್ಟಬೇಕಿದ್ದಲ್ಲಿ ಆ ಮಿತಿ ಒಂದೇ ಏಟಿಗೆ 30 ಕೋಟಿಗೆ ಏರಿತು. ಸಂಬಳದಲ್ಲೇ ತೆರಿಗೆ ಮುರಿದುಕೊಳ್ಳುವ ಕಡ್ಡಾಯ ಪದ್ಧತಿಯೂ ರದ್ದಾಯಿತು. ಎರಡೇ ವರ್ಷದಲ್ಲಿ ಸರ್ಕಾರದ ವರಮಾನ ಜಿಡಿಪಿಯ ಸುಮಾರು ಶೇ 12ರಿಂದ ಶೇ 8ರ ಹತ್ತಿರಕ್ಕೆ ಕುಸಿಯಿತು. ರೇಟಿಂಗ್ ಸಂಸ್ಥೆಗಳು ದರ್ಜೆ ಇಳಿಸಿದವು, ಹೊರಗೆ ಹೊಸ ಸಾಲ ಹುಟ್ಟದಾಯಿತು. 2019ರ ಈಸ್ಟರ್ ಬಾಂಬ್ ದಾಳಿ, ಬೆನ್ನಿಗೇ ಬಂದ ಕೋವಿಡ್ ಪ್ರವಾಸೋದ್ಯಮವನ್ನು ಮಲಗಿಸಿದ್ದೂ ನಿಜ. ಆದರೆ ಕೋವಿಡ್‌ಗೆ ಮುಂಚೆಯೇ ಖಜಾನೆಯನ್ನು ಖಾಲಿ ಮಾಡಿದ್ದು ಕೊಲಂಬೊದ ಸಹಿ. ಅದು ಸಾಲದೆಂಬಂತೆ 2021ರ ಏಪ್ರಿಲ್‌ನಲ್ಲಿ ರಸಗೊಬ್ಬರ ಆಮದನ್ನು ಹಠಾತ್ತನೆ ನಿಷೇಧಿಸಿ, ಭತ್ತ ಮತ್ತು ಚಹಾ ಬೆಳೆ ಕೈಕೊಟ್ಟ ಮೇಲೆ ನವೆಂಬರ್‌ನಲ್ಲಿ ಹಿಂದೆಗೆದರು. ರೈತರನ್ನು ಯಾರೂ ಕೇಳಿರಲಿಲ್ಲ.

ಕರ್ನಾಟಕಕ್ಕೂ ಇದಕ್ಕೂ ಹೋಲಿಕೆ ಎಲ್ಲಿಂದ ಬಂತು? ರಾಜ್ಯ ಸರ್ಕಾರ ಡಾಲರ್ ಬಾಂಡ್ ಮಾರುವುದಿಲ್ಲ. ಕೇಂದ್ರದ ಸಾಲ ಬಾಕಿ ಇರುವತನಕ ಅದರ ಒಪ್ಪಿಗೆಯಿಲ್ಲದೆ ಹೊಸ ಸಾಲ ಎತ್ತಲು ಸಂವಿಧಾನದ 293ನೇ ವಿಧಿ ಬಿಡುವುದಿಲ್ಲ. ಗ್ಯಾರಂಟಿಗಳ ಹಣ ಎಲ್ಲಿಂದ ಬರುತ್ತಿದೆ, ರಸ್ತೆ-ನೀರಾವರಿಗೆ ಎಷ್ಟು ಉಳಿಯುತ್ತಿದೆ ಎಂದು ಕೇಳಲೇಬೇಕು, ಗಟ್ಟಿಯಾಗಿಯೇ ಕೇಳಬೇಕು. ಲಂಕೆಯನ್ನು ಗುಮ್ಮನಂತೆ ತೋರಿಸಿದರೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

2022ರಲ್ಲಿ ಲಂಕೆಯ ಜನ ಅನುಭವಿಸಿದ್ದನ್ನು ಹತ್ತಿರದಿಂದ ನೋಡಬೇಕು. ಮಾರ್ಚ್ ಕೊನೆಯ ಹೊತ್ತಿಗೆ ದಿನಕ್ಕೆ ಹದಿಮೂರು ಗಂಟೆ ಕರೆಂಟ್ ಇರಲಿಲ್ಲ. ಮುದ್ರಿಸಲು ಕಾಗದವಿಲ್ಲದೆ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಪರೀಕ್ಷೆ ಮುಂದಕ್ಕೆ ಹೋಯಿತು. 1,500 ರೂಪಾಯಿಯ ಆಸುಪಾಸಿನಲ್ಲಿದ್ದ ಅಡುಗೆ ಗ್ಯಾಸ್ ಸಿಲಿಂಡರ್ ಏಪ್ರಿಲ್‌ನಲ್ಲಿ 4,860 ಮುಟ್ಟಿತು, ಅಷ್ಟು ಕೊಟ್ಟರೂ ಸಿಗಲಿಲ್ಲ. ಖಾಲಿ ಸಿಲಿಂಡರುಗಳನ್ನು ರಸ್ತೆಬದಿ ಸಾಲಾಗಿ ನಿಲ್ಲಿಸಿ, ಕಳುವಾಗದಂತೆ ಒಂದಕ್ಕೊಂದು ಸರಪಳಿ ಬಿಗಿದು ಜನ ಕಾದರು. ಪೆಟ್ರೋಲ್, ಸೀಮೆಎಣ್ಣೆ ಸರದಿಯಲ್ಲಿ ನಿಂತಿದ್ದ ಎಪ್ಪತ್ತು ದಾಟಿದ ಇಬ್ಬರು ಮಾರ್ಚ್‌ನಲ್ಲಿ ಅಲ್ಲೇ ಕುಸಿದು ಸತ್ತರು. ಮುಂದೆ ಕ್ಯೂಆರ್ ಕೋಡ್ ಪಡಿತರ ಬಂದಾಗ ಬೈಕಿಗೆ ವಾರಕ್ಕೆ ನಾಲ್ಕು ಲೀಟರ್, ಆಟೊಗೆ ಐದು. ಆಟೊ ಓಡಿಸಿ ಸಂಸಾರ ಸಾಗಿಸುವವನಿಗೆ ಐದು ಲೀಟರ್ ಎಷ್ಟು ದಿನದ ದುಡಿಮೆ? ಸೆಪ್ಟೆಂಬರ್ ಹೊತ್ತಿಗೆ ಕೊಲಂಬೊದಲ್ಲಿ ಆಹಾರ ಪದಾರ್ಥಗಳ ಬೆಲೆ ವರ್ಷದ ಹಿಂದಿನದಕ್ಕಿಂತ ಶೇ 90ಕ್ಕೂ ಹೆಚ್ಚು ಏರಿತ್ತು.

ಚಹಾ ತೋಟಗಳ ಕಾರ್ಮಿಕರದ್ದು ಇನ್ನೂ ಕೆಟ್ಟ ಪಾಡು. 2021ರಲ್ಲಿ ನಿಗದಿಯಾದ ಸಾವಿರ ರೂಪಾಯಿ ದಿನಗೂಲಿ 2024ರವರೆಗೆ ಕದಲಲಿಲ್ಲ. ಇವರು ಕನ್ನಡಿಗರಿಗೆ ದೂರದವರೇನಲ್ಲ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಂತೆ ಲಂಕೆಯ ತೋಟಗಳಿಂದ ಬಂದ ಕುಟುಂಬಗಳು ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಇಂದಿಗೂ ಇವೆ.

ಲಂಕೆಯ ಜನ ಬೀದಿಗಿಳಿದಾಗ ಅವರನ್ನು ಪುಂಡರ ಗುಂಪು ಎಂದವರಿದ್ದಾರೆ. 2022ರ ಮೇ 9ರಂದು ಮನೆಗಳು ಸುಟ್ಟವು, ಆಡಳಿತ ಪಕ್ಷದ ಸಂಸದರೊಬ್ಬರು ಹತರಾದರು. ಅದನ್ನು ಯಾರೂ ಸಮರ್ಥಿಸಲಾರರು. ಆದರೆ ಅಂದು ಮೊದಲು ದೊಣ್ಣೆ ಎತ್ತಿದ್ದು ಪ್ರಧಾನಿ ಮಹಿಂದ ರಾಜಪಕ್ಸರ ನಿವಾಸದಿಂದ ಹೊರಟ ಬೆಂಬಲಿಗರು. ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಸಿಂಹಳೀಯರು, ತಮಿಳರು, ಮುಸ್ಲಿಮರು ಒಟ್ಟಿಗೆ ಡೇರೆ ಹಾಕಿ, ಗ್ರಂಥಾಲಯವನ್ನೂ ಅಡುಗೆಮನೆಯನ್ನೂ ನಡೆಸಿ, ಮೂರು ತಿಂಗಳು ಕೇಳಿದ್ದು ಒಂದೇ: ಹೊಣೆ ಹೊತ್ತು ಇಳಿಯಿರಿ. ಜುಲೈ 14ರಂದು ಗೋಟಬಯ ಸಿಂಗಪುರದಿಂದ ರಾಜೀನಾಮೆ ಕಳಿಸಿದರು. ವಾರದೊಳಗೆ ಸಂಸತ್ತು ಅಧ್ಯಕ್ಷರನ್ನಾಗಿ ಆರಿಸಿದ್ದು ಪಕ್ಷಕ್ಕೆ ಒಂದೇ ಸ್ಥಾನವಿದ್ದ ರನಿಲ್ ವಿಕ್ರಮಸಿಂಘೆಯವರನ್ನು, ಅದೂ ರಾಜಪಕ್ಸರ ಪಕ್ಷದ ಮತಗಳಿಂದ. ಎರಡು ದಿನ ಕಳೆಯುವಷ್ಟರಲ್ಲಿ ನಸುಕಿನಲ್ಲಿ ಸೇನೆ ಬಂದು ಡೇರೆ ಕಿತ್ತಿತು. 2023ರ ಮಾರ್ಚ್‌ನಲ್ಲಿ ಆಗಬೇಕಿದ್ದ ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ದುಡ್ಡಿಲ್ಲವೆಂದು ನಿಲ್ಲಿಸಿದರು; ಅದು ಮೂಲಭೂತ ಹಕ್ಕಿನ ಉಲ್ಲಂಘನೆಯೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿತು. ಬಯಲೂ ಇಲ್ಲ, ಮತಪೆಟ್ಟಿಗೆಯೂ ಇಲ್ಲ ಎಂದರೆ ಹೊಟ್ಟೆಗಿಲ್ಲದವರು ತಮ್ಮ ಮಾತನ್ನು ಎಲ್ಲಿ ಆಡಬೇಕಿತ್ತು?

ನಷ್ಟವನ್ನು ಯಾರ ತಲೆಗೆ ಕಟ್ಟಿದರೆಂಬುದಂತೂ ಎದೆಯುರಿಯುವ ವಿಷಯ. ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಸಾಲದ ಬೆನ್ನಿಗೆ, 2023ರ ಜುಲೈ 1ರಂದು ಸಂಸತ್ತು ದೇಶೀಯ ಸಾಲದ ಮರುಹೊಂದಾಣಿಕೆಗೆ ಒಪ್ಪಿತು. ಸರ್ಕಾರಿ ಬಾಂಡ್ ವಿನಿಮಯದಲ್ಲಿ ಬಡ್ಡಿ ಬಿಟ್ಟುಕೊಡಬೇಕಾದದ್ದು ಮುಖ್ಯವಾಗಿ ಪಿ.ಎಫ್. ನಿಧಿಗಳು, ಅಂದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಅಂಗಡಿ-ಕಾರ್ಖಾನೆಯ ನೌಕರರು ಸಂಬಳದಲ್ಲಿ ಮುರಿಸಿ ಕೂಡಿಟ್ಟ ಹಣ. ಒಪ್ಪದಿದ್ದರೆ ನಿಧಿಯ ಗಳಿಕೆಯ ಮೇಲೆ ಶೇ 14ರ ಬದಲು ಶೇ 30 ತೆರಿಗೆ ಎಂಬ ಷರತ್ತು. ಬ್ಯಾಂಕುಗಳಿಗೆ ವಿನಾಯಿತಿ, ಅವು ಕುಸಿದರೆ ಠೇವಣಿದಾರರು ಮುಳುಗುತ್ತಾರೆ ಎಂಬ ಸಮಜಾಯಿಷಿ. ಆ ಭಯ ಪೊಳ್ಳಲ್ಲ. ಆದರೆ 2019ರ ಕಡಿತದಿಂದ ಲಾಭ ಮಾಡಿಕೊಂಡ ಕಂಪನಿಗಳಿಂದ, ಶ್ರೀಮಂತರಿಂದ ಹಳೆಯ ಬಾಕಿಯಾಗಿ ಒಂದಿಷ್ಟು ವಸೂಲಿ ಮಾಡಬಹುದಿತ್ತಲ್ಲ? ಅದನ್ನು ಬಿಟ್ಟು 2024ರ ಜನವರಿಯಿಂದ ವ್ಯಾಟ್ ಶೇ 18 ಆಯಿತು. ಕೂಲಿಯವನೂ ಕೋಟ್ಯಧಿಪತಿಯೂ ಕೊಳ್ಳುವಾಗ ಒಂದೇ ದರದಲ್ಲಿ ಕಟ್ಟುವ ತೆರಿಗೆ ಅದು.

ಪಿ.ಎಫ್. ತೀರ್ಮಾನವಾದ ನಾಲ್ಕೂವರೆ ತಿಂಗಳಿಗೆ, 2023ರ ನವೆಂಬರ್ 14ರಂದು, ಸುಪ್ರೀಂ ಕೋರ್ಟ್ 4-1 ಬಹುಮತದಿಂದ ಗೋಟಬಯ, ಮಹಿಂದ, ಬಾಸಿಲ್ ರಾಜಪಕ್ಸ ಸಹೋದರರು ಹಾಗೂ ಕೇಂದ್ರೀಯ ಬ್ಯಾಂಕಿನ ಇಬ್ಬರು ಮಾಜಿ ಗವರ್ನರುಗಳು ಸೇರಿದಂತೆ ಹಲವರು ಸಾರ್ವಜನಿಕ ವಿಶ್ವಾಸಕ್ಕೆ ದ್ರೋಹ ಬಗೆದರೆಂದು ತೀರ್ಪಿತ್ತಿತು. ಅರ್ಜಿದಾರರಿಗೆ ಖಟ್ಲೆಯ ಖರ್ಚು ಕೊಡಿಸಿತು, ಅಷ್ಟೇ. ಜೈಲಿಲ್ಲ, ಆಸ್ತಿ ಜಪ್ತಿಯಿಲ್ಲ, ಜನರಿಗೆ ಪರಿಹಾರವಿಲ್ಲ.

2019ರಲ್ಲಿ ಶೇ 3ರಷ್ಟು ಮತ ಪಡೆದಿದ್ದ ಅನುರ ಕುಮಾರ ದಿಸ್ಸಾನಾಯಕೆ 2024ರ ಸೆಪ್ಟೆಂಬರ್‌ನಲ್ಲಿ ಶೇ 42 ಪಡೆದು ಅಧ್ಯಕ್ಷರಾದರು. ನವೆಂಬರ್‌ನಲ್ಲಿ ಅವರ ಮೈತ್ರಿಕೂಟ 225ರಲ್ಲಿ 159 ಸ್ಥಾನ ಗೆದ್ದಿತು. ಹಳೆಯ ಎರಡೂ ಬಣಗಳನ್ನು ಜನ ಗುಡಿಸಿಹಾಕಿದ್ದರು. ಹೊಸ ಸರ್ಕಾರ ಐಎಂಎಫ್ ಕಾರ್ಯಕ್ರಮವನ್ನು ಮುಂದುವರಿಸಿ, ಹಿಂದಿನವರು ಕುದುರಿಸಿದ್ದ ವಿದೇಶಿ ಬಾಂಡ್ ಒಪ್ಪಂದಕ್ಕೇ ಮುದ್ರೆ ಒತ್ತಿತು. ಒಪ್ಪಂದ ಮುರಿಯುವುದು ಸುಲಭವಲ್ಲ ಎಂಬುದನ್ನು ಒಪ್ಪೋಣ. ಪಿ.ಎಫ್. ಖಾತೆಗಳಿಗೆ ಆದ ನಷ್ಟವನ್ನು ಲೆಕ್ಕಹಾಕಿ ಬಜೆಟ್ಟಿನಿಂದಲೇ ವರ್ಷವರ್ಷ ತುಂಬಿಕೊಡಲು ಯಾವ ಒಪ್ಪಂದವನ್ನೂ ಮುರಿಯಬೇಕಿಲ್ಲ. 159 ಸ್ಥಾನಗಳ ಸರ್ಕಾರ ಅಷ್ಟನ್ನಾದರೂ ಮಾಡಬೇಕು. ಆ ಸ್ಥಾನಗಳನ್ನು ಕೊಟ್ಟವರಲ್ಲಿ ಈ ಖಾತೆದಾರರೂ ಇದ್ದಾರೆ.